ರೂಪಾಯಿ ಇಳಿದರೆ ಅದು ಯಾರ ಪಾಪ?

ದೀಪಾವಳಿ ಪಾಡ್ಯದಂದು ಬಾಗಲಕೋಟೆಯ ಪೇಟೆಯಲ್ಲಿ ಹೊಸ ಖಾತೆ ಪುಸ್ತಕಕ್ಕೆ ಅರಿಸಿನ ಕುಂಕುಮ ಏರುತ್ತದೆ. ತಕ್ಕಡಿಗೆ ಹೂವು ಮುಡಿಸಿ, ಲಕ್ಷ್ಮಿಯ ಪಟದ ಮುಂದೆ ನೋಟು ನಾಣ್ಯ ಇಟ್ಟು ಆರತಿ ಎತ್ತುತ್ತಾರೆ. ಲಕ್ಷ್ಮಿ ಚಂಚಲೆ ಎಂಬುದು ಆರತಿ ಎತ್ತುವವರಿಗೂ ಗೊತ್ತಿದ್ದ ಮಾತೇ. ಇವತ್ತು ಈ ಮನೆ, ನಾಳೆ ಆ ಮನೆ. ಹಣದ ಏರಿಳಿತಕ್ಕೆ ನಮ್ಮ ಸೀಮೆಯ ಜನ ಕೊಟ್ಟುಕೊಂಡ ಮೊದಲ ಸಮಾಧಾನ ಇದು. ಎರಡನೆಯದು ಕರ್ಮ: ಪಡೆದು ಬಂದದ್ದು ಇಷ್ಟೇ, ಅನುಭವಿಸಬೇಕು. ಮೂರನೆಯದು ಈಚೆಗೆ ಬಂದದ್ದು, ಪತ್ರಿಕೆ ಟಿವಿಗಳಲ್ಲಿ ದಿನವೂ ಕೇಳುವಂಥದ್ದು: ಮಾರುಕಟ್ಟೆ ಹಾಗೆ ಬಯಸಿತು, ರೂಪಾಯಿ ಕುಸಿಯಿತು. ಮೇಲುನೋಟಕ್ಕೆ ಇವು ಮೂರೂ ಬೇರೆ ಬೇರೆ ಉತ್ತರಗಳು. ಆದರೆ ಮೂರರಲ್ಲೂ ಹೊಣೆ ಹೊರುವವರು ಯಾರೂ ಇಲ್ಲ. ದೇವತೆ ಮುನಿದಳು, ಹಿಂದಿನ ಜನ್ಮ ಕಾಡಿತು, ಸಂತೆ ಕೆಟ್ಟಿತು ಅಂದುಬಿಟ್ಟರೆ ನಷ್ಟ ಉಂಡವನು ಸುಮ್ಮನೆ ಮನೆಗೆ ಹೋಗಬೇಕು, ಅಷ್ಟೆ. ಈ ಮೂರೂ ಉತ್ತರಗಳನ್ನು ನಾನು ಒಪ್ಪುವುದಿಲ್ಲ. ಕಷ್ಟದ ಕಾಲದಲ್ಲಿ ಒಂದು ನಾಣ್ಯದ ಬೆಲೆ ಏರುವುದೂ ಇಳಿಯುವುದೂ ಮುಖ್ಯವಾಗಿ ಋಣದ ಮೇಲೆ ನಿಂತಿದೆ. ಯಾರು ಯಾರಿಗೆ, ಯಾವ ನಾಣ್ಯದಲ್ಲಿ ಸಾಲ ತೀರಿಸಬೇಕಿದೆ ಎಂಬುದರ ಮೇಲೆ. ಋಣ ಮನುಷ್ಯರು ಮಾಡಿದ್ದು. ಹಾಗಾಗಿ ಅದರ ಏರಿಳಿತದಲ್ಲಿ ಧರ್ಮಾಧರ್ಮದ ಪ್ರಶ್ನೆಯೂ ಇದ್ದೇ ಇರುತ್ತದೆ.

2008ರ ಒಂದು ಒಗಟಿನಿಂದ ಶುರು ಮಾಡಬಹುದು. ಆ ವರ್ಷದ ಕುಸಿತ ಹುಟ್ಟಿದ್ದು ಅಮೆರಿಕದಲ್ಲಿ. ತೀರಿಸುವ ತಾಕತ್ತಿಲ್ಲದವರಿಗೆ ಹಂಚಿದ್ದ ಮನೆಸಾಲಗಳು ಮುಳುಗಿದವು. ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ದಿವಾಳಿ ಎದ್ದಿತು. ತಪ್ಪು ಮಾಡಿದವನ ನಾಣ್ಯ ಇಳಿಯಬೇಕು ಎಂಬುದು ಲೋಕದ ನ್ಯಾಯ. ಆದರೆ ಡಾಲರ್ ಏರಿತು. 2008ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 39 ರೂಪಾಯಿ ಇದ್ದದ್ದು 2009ರ ಮಾರ್ಚ್ ಹೊತ್ತಿಗೆ 51 ದಾಟಿತು. ವಿಚಿತ್ರವೆಂದರೆ ಇದೇ ಅವಧಿಯಲ್ಲಿ ಕಚ್ಚಾ ತೈಲದ ಬೆಲೆ ಪೀಪಾಯಿಗೆ 147 ಡಾಲರಿನಿಂದ 40ರ ಕೆಳಗೆ ಬಿದ್ದಿತ್ತು. ತೈಲ ಕೊಳ್ಳುವ ನಮ್ಮಂಥ ದೇಶದ ಖರ್ಚು ಕಡಿಮೆಯಾಗಿತ್ತು. ವ್ಯಾಪಾರದ ಲೆಕ್ಕ ಒಂದನ್ನೇ ಹಿಡಿದರೆ ರೂಪಾಯಿಗೆ ಬಲ ಬರಬೇಕಿತ್ತು, ಬರಲಿಲ್ಲ. ಕಾರಣ ಇಷ್ಟು: ಲೋಕದ ಬ್ಯಾಂಕುಗಳು, ಹೂಡಿಕೆದಾರರು, ಕಂಪನಿಗಳು ಸಾಲ ಎತ್ತಿದ್ದು ಡಾಲರಿನಲ್ಲಿ. ಸಾಲ ಕೊಟ್ಟವರು ಬಾಗಿಲಿಗೆ ಬಂದು ನಿಂತಾಗ ತೀರಿಸಲು ಬೇಕಾದದ್ದೂ ಡಾಲರೇ. ಅದಕ್ಕಾಗಿ ಮುಂಬಯಿಯ ಷೇರುಗಳನ್ನು ಮಾರಿದರು, ಬಂದ ರೂಪಾಯಿಯನ್ನು ಡಾಲರಿಗೆ ಬದಲಿಸಿಕೊಂಡು ಹೋದರು. ಅದೇ ಕಾಲಕ್ಕೆ ಜಪಾನಿನ ಯೆನ್ ಕೂಡ ಏರಿತು. ಜಪಾನಿನ ಆರ್ಥಿಕತೆಯೇನೂ ಚೆನ್ನಾಗಿರಲಿಲ್ಲ. ಅಲ್ಲಿ ಬಡ್ಡಿ ಕಡಿಮೆ ಎಂದು ಜಗತ್ತು ಯೆನ್‌ನಲ್ಲಿ ಸಾಲ ಎತ್ತಿತ್ತು, ಈಗ ತೀರಿಸಲು ಓಡಿತು. ಗಂಡಾಂತರದ ಹೊತ್ತಿಗೆ ಏರುವುದು ಎಲ್ಲರೂ ಬಾಕಿ ತೀರಿಸಬೇಕಿರುವ ನಾಣ್ಯ. ಒಳ್ಳೆಯವರ ನಾಣ್ಯ ಏರುತ್ತದೆಂಬ ನೇಮವಿಲ್ಲ.

ಹಣಕ್ಕೆ ಎರಡು ಬೆಲೆಗಳಿವೆ ಎಂಬುದನ್ನು ಇಲ್ಲಿ ನೆನಪಿಡಬೇಕು: ಸರಕಿನ ಮುಂದೆ ಒಂದು, ಬೇರೆ ನಾಣ್ಯದ ಮುಂದೆ ಇನ್ನೊಂದು. ಹಿಂಜರಿತದಲ್ಲಿ ಒಂದೇ ರೂಪಾಯಿ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯಬಹುದು. ಧಾರಣೆ ಬಿದ್ದಾಗ ಹುನಗುಂದದ ಎರೆಹೊಲದ ರೈತ ಬ್ಯಾಂಕಿನ ಕಂತಿಗೆಂದು ಮೊದಲು ನಾಲ್ಕು ಚೀಲ ಕಡಲೆ ಮಾರುತ್ತಿದ್ದರೆ ಈಗ ಆರು ಚೀಲ ಮಾರಬೇಕಾಗುತ್ತದೆ. ಅವನ ಪಾಲಿಗೆ ರೂಪಾಯಿ ಬಲು ತುಟ್ಟಿ. ಅದೇ ದಿನ ತೈಲ ಕೊಳ್ಳುವ ದೇಶದ ಖಜಾನೆಯ ಪಾಲಿಗೆ ರೂಪಾಯಿ ಅಗ್ಗ. ರೈತ ತೀರಿಸಬೇಕಾದದ್ದು ರೂಪಾಯಿಯಲ್ಲಿ, ಅದಕ್ಕೇ ಅವನ ಮುಂದೆ ರೂಪಾಯಿ ಎತ್ತರಕ್ಕೆ ನಿಲ್ಲುತ್ತದೆ. ದೇಶ ತೀರಿಸಬೇಕಾದದ್ದು ಡಾಲರಿನಲ್ಲಿ, ಅದಕ್ಕೇ ಡಾಲರಿನ ಮುಂದೆ ರೂಪಾಯಿ ಕುಗ್ಗುತ್ತದೆ. 1933ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ ಹೇಳಿದ್ದೂ ಇದರ ಒಂದು ಮುಖವನ್ನೇ: ಬೆಲೆಗಳು ಬಿದ್ದಂತೆ ಸಾಲದ ಭಾರ ಹೆಚ್ಚುತ್ತದೆ, ತೀರಿಸುವ ಧಾವಂತವೇ ಬೆಲೆಗಳನ್ನು ಇನ್ನಷ್ಟು ಕೆಡವುತ್ತದೆ.

ಡಾಲರ್ ಏರುವುದು ಅಮೆರಿಕದ ಬಲದಿಂದ, ಇದರಲ್ಲಿ ಋಣದ ಮಾತೇಕೆ ಎಂದು ಕೇಳಬಹುದು. 2020 ಇದಕ್ಕೆ ಉತ್ತರ ಕೊಡುತ್ತದೆ. ಕೊರೋನಾ ಬಂದ ಮಾರ್ಚ್ ತಿಂಗಳಲ್ಲಿ ಡಾಲರ್ ಮತ್ತೆ ನೆಗೆಯಿತು. ಜನವರಿಯಲ್ಲಿ 71ರ ಆಸುಪಾಸು ಇದ್ದ ಡಾಲರಿನ ದರ 76 ರೂಪಾಯಿ ಮುಟ್ಟಿತು. ಅಮೆರಿಕದ ಫೆಡರಲ್ ರಿಸರ್ವ್ ಆಗ ಬಡ್ಡಿಯನ್ನು ಸೊನ್ನೆಯ ಹತ್ತಿರಕ್ಕೆ ತಂದಿತು, ಡಾಲರನ್ನು ಹೊಳೆಯಂತೆ ಹರಿಸಿತು, ಒಟ್ಟು 14 ದೇಶ ಪ್ರದೇಶಗಳ ಕೇಂದ್ರ ಬ್ಯಾಂಕುಗಳಿಗೆ ಡಾಲರ್ ಎರವಲು ಕೊಡುವ ಏರ್ಪಾಡು ಮಾಡಿತು. ಬಾಕಿದಾರರ ಕೈಗೆ ಡಾಲರ್ ಸಿಕ್ಕ ಕೂಡಲೇ ಅದರ ಏರು ನಿಂತಿತು, ವರ್ಷದ ಉತ್ತರಾರ್ಧದಲ್ಲಿ ಡಾಲರ್ ಇಳಿಯಿತು. ಅಮೆರಿಕದ ಸೈನ್ಯವಾಗಲಿ ಕಾರ್ಖಾನೆಯಾಗಲಿ ಆ ತಿಂಗಳುಗಳಲ್ಲಿ ಬಲ ಹೆಚ್ಚಿಸಿಕೊಂಡಿರಲಿಲ್ಲ. ಮುಖ್ಯವಾಗಿ ಬದಲಾದದ್ದು ಋಣದ ಬಿಗಿ. ಆ 14ರಲ್ಲಿ ಭಾರತ ಇರಲಿಲ್ಲ. ಯಾರ ಕೊರಳಿನ ಹಗ್ಗ ಸಡಿಲಿಸಬೇಕು, ಯಾರದು ಬೇಡ ಎಂದು ಒಂದು ಕೊಠಡಿಯಲ್ಲಿ ಕೂತ ಮನುಷ್ಯರು ತೀರ್ಮಾನಿಸಿದ್ದರು. ಇದಕ್ಕೆ ಚಂಚಲ ಲಕ್ಷ್ಮಿಯನ್ನು ದೂರಿ ಫಲವಿಲ್ಲ.

ಇದೇ ಪಾಠವನ್ನು ನಮ್ಮ ನೆಲ ಹೆಚ್ಚು ಕಹಿಯಾಗಿ ಕಲಿತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಎಲ್ಲವೂ ಕಲಾದಗಿ ಜಿಲ್ಲೆಗೆ ಸೇರಿದ್ದವು. 1885ರಲ್ಲಿ ಮುಖ್ಯ ಠಾಣೆ ವಿಜಾಪುರಕ್ಕೆ ಹೋಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಮುಂಬಯಿ ಕರ್ನಾಟಕದ ಎರೆಭೂಮಿಯ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಹತ್ತಿ ಹೋದ ದಾರಿಯಲ್ಲೇ ಬೆಳ್ಳಿ ಬಂತು. ರೈತರ ಮನೆಗಳಲ್ಲಿ ಅದು ಕಡಗ, ಕಾಲುಖಡೆ, ಡಾಬುಗಳಾಗಿ ಕೂತಿತು. ಯುದ್ಧ ಮುಗಿದದ್ದೇ ತಡ ಹತ್ತಿ ಬಿತ್ತು. ಹತ್ತು ವರ್ಷ ಕಳೆದು 1876ರಲ್ಲಿ ಮಳೆ ಕೈಕೊಟ್ಟಿತು. 1872 ಮತ್ತು 1881ರ ಜನಗಣತಿಗಳ ನಡುವೆ ಕಲಾದಗಿ ಜಿಲ್ಲೆಯ ಜನಸಂಖ್ಯೆ ಶೇಕಡಾ 20ಕ್ಕೂ ಹೆಚ್ಚು ಕುಗ್ಗಿತು ಎಂದರೆ ಆ ಬರ ಎಂಥದ್ದೆಂದು ಊಹಿಸಬಹುದು. ಆ ಹೊತ್ತಿನಲ್ಲಿ ಹೆಣ್ಣುಮಕ್ಕಳ ಮೈಮೇಲಿನ ಬೆಳ್ಳಿಯೇ ಜೋಳವಾಯಿತು. ಬರಪೀಡಿತ ಜಿಲ್ಲೆಗಳ ಒಡವೆಗಳು ಮುಂಬಯಿಯ ಟಂಕಸಾಲೆಗೆ ಕರಗಲು ಹೋದದ್ದು ಸರಕಾರಿ ದಾಖಲೆಗಳಲ್ಲೇ ಇದೆ. ಇಲ್ಲಿ ಒಂದು ವಿವರವನ್ನು ಹತ್ತಿರದಿಂದ ನೋಡಬೇಕು. ರೂಪಾಯಿಯ ತೂಕ ಸರಿಯಾಗಿ ಒಂದು ತೊಲ. ಅಕ್ಕಸಾಲಿಗರು ರೂಪಾಯಿಯನ್ನೇ ತಕ್ಕಡಿಯ ಬಟ್ಟಾಗಿ ಇಡುತ್ತಿದ್ದ ಕಾಲ ಅದು. ಟಂಕಸಾಲೆಯ ಬಾಗಿಲು ಎಲ್ಲರಿಗೂ ತೆರೆದಿದ್ದುದರಿಂದ ತೊಲ ಬೆಳ್ಳಿ ಕೊಟ್ಟರೆ ಸಣ್ಣ ಕಡಿತ ಕಳೆದು ಹೆಚ್ಚುಕಡಿಮೆ ಒಂದು ರೂಪಾಯಿ ಬರುತ್ತಿತ್ತು. ಕಾಲಿನ ಖಡೆ ಅಂದರೆ ಕರಗಿಸದೆ ಇಟ್ಟ ರೂಪಾಯಿ.

ಆದರೆ ಅಷ್ಟರಲ್ಲಿ ದೂರದ ಬರ್ಲಿನ್ನಿನಲ್ಲಿ ಒಂದು ನಿರ್ಣಯ ಆಗಿಹೋಗಿತ್ತು. 1871ರಿಂದ 1873ರ ನಡುವೆ ಜರ್ಮನಿ ಬೆಳ್ಳಿಯನ್ನು ಬಿಟ್ಟು ಬಂಗಾರದ ನಾಣ್ಯಕ್ಕೆ ಹೊರಳಿತು, ಫ್ರಾನ್ಸ್ ಮತ್ತು ಅದರ ಜೊತೆಯ ದೇಶಗಳು ಬೆಳ್ಳಿ ನಾಣ್ಯ ಹೊಡೆಯುವುದನ್ನು ಬಿಗಿಹಿಡಿದವು. ಅದೇ ಹೊತ್ತಿಗೆ ಅಮೆರಿಕದ ನೆವಾಡಾ ಗಣಿಗಳಿಂದ ಬೆಳ್ಳಿ ಸುರಿಯಿತು. ಬೆಳ್ಳಿಯಲ್ಲಿ ಸಾಲ ತೀರುತ್ತದೆ ಎಂಬ ಮಾತನ್ನು ಲೋಕದ ಧನಿಕರು ಹಿಂದಕ್ಕೆ ಪಡೆದ ಮೇಲೆ ಬೆಳ್ಳಿಯೂ ರೂಪಾಯಿಯೂ ಜೊತೆಗೇ ಇಳಿದವು. ಸುಮಾರು ಎರಡು ಶಿಲಿಂಗು ಬಾಳುತ್ತಿದ್ದ ರೂಪಾಯಿ 1892ರ ಹೊತ್ತಿಗೆ ಒಂದು ಶಿಲಿಂಗು ಮೂರು ಪೆನ್ಸಿಗೆ ಬಂತು. ಭಾರತ ಸರಕಾರ ಲಂಡನ್ನಿಗೆ ಪ್ರತಿ ವರ್ಷ ಒಂದೂವರೆ ಕೋಟಿ ಪೌಂಡಿಗೂ ಮಿಕ್ಕಿ ಕಟ್ಟಬೇಕಿತ್ತು: ಪಿಂಚಣಿ, ಸೇನೆಯ ಖರ್ಚು, ರೈಲು ಕಂಪನಿಗಳ ಬಡ್ಡಿ. ಬರಕ್ಕೆ ಆಸರೆಯೆಂದು ಹಾಕಿದ ಗದಗ ಹೊಟಗಿ ರೈಲು ದಾರಿ ಬಾದಾಮಿ, ಬಾಗಲಕೋಟೆಗಳ ಮೂಲಕವೇ ಹಾಯ್ದದ್ದು. ಅದನ್ನು ಓಡಿಸಿದ ಸದರ್ನ್ ಮರಾಠಾ ರೈಲ್ವೆಯ ಷೇರುದಾರರ ಬಡ್ಡಿಯೂ ಪೌಂಡಿನಲ್ಲೇ. ರೂಪಾಯಿ ಇಳಿದಷ್ಟೂ ಅದೇ ಪೌಂಡಿಗೆ ಹೆಚ್ಚು ರೂಪಾಯಿ ಎತ್ತಬೇಕಾಯಿತು. ಕೊನೆಗೆ 1893ರ ಜೂನ್ 26ರಂದು ಸರಕಾರ ಟಂಕಸಾಲೆಯ ಬಾಗಿಲನ್ನು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿತು. ರೂಪಾಯಿ ವಿರಳವಾಗಿ ಮೆಲ್ಲಗೆ ಏರಿ 1898ರಲ್ಲಿ ಒಂದು ಶಿಲಿಂಗು ನಾಲ್ಕು ಪೆನ್ಸಿಗೆ ನಿಂತಿತು. ಬೆಳ್ಳಿ ಮಾತ್ರ ಕೆಳಗೇ ಉಳಿಯಿತು. 1896–97ರಲ್ಲಿ, ಮತ್ತೆ 1899–1900ರಲ್ಲಿ ಬರ ಬಂದಾಗ ಅದೇ ಒಂದು ತೊಲದ ಖಡೆಯಲ್ಲಿದ್ದ ಬೆಳ್ಳಿಯ ಬೆಲೆ ರೂಪಾಯಿಯ ಸುಮಾರು ಮೂರರಲ್ಲಿ ಎರಡು ಪಾಲು. ಕಂದಾಯ ಮಾತ್ರ ಪೂರ್ತಿ ರೂಪಾಯಿಯಲ್ಲೇ ಕೊಡಬೇಕು. ಖಡೆ ಸವೆದಿರಲಿಲ್ಲ, ತೂಕ ತಪ್ಪಿರಲಿಲ್ಲ, ಅದನ್ನು ತೊಟ್ಟವಳು ಯಾವ ಪಾಪವನ್ನೂ ಮಾಡಿರಲಿಲ್ಲ.

ಕರ್ಮದ ಮಾತು ಇಲ್ಲಿ ಸೋಲುತ್ತದೆ ಎಂಬುದು ನನ್ನ ತೀರ್ಮಾನ. ಕರ್ಮವಾದಕ್ಕೆ ಅದರದೇ ಗೌರವವಿದೆ. ಮಾಡಿದ್ದರ ಫಲ ಮಾಡಿದವನಿಗೇ ತಟ್ಟಬೇಕು ಎಂಬ ನ್ಯಾಯದ ಹಂಬಲ ಅದರೊಳಗಿದೆ. ಆದರೆ ಹಣದ ಲೋಕದಲ್ಲಿ ಒಬ್ಬ ಮಾಡಿದ್ದರ ಫಲ ಇನ್ನೊಬ್ಬನಿಗೆ ತಟ್ಟುತ್ತದೆ. ಬರ್ಲಿನ್ನಿನ ಮಂತ್ರಿಯ ಕರ್ಮ ಬಾದಾಮಿಯ ಹೆಂಗಸಿನ ಕಾಲಿಗೆ, ನ್ಯೂಯಾರ್ಕಿನ ದಲ್ಲಾಳಿಯ ಕರ್ಮ ಇಳಕಲ್ಲಿನ ಮಗ್ಗಕ್ಕೆ. ಇದನ್ನೂ ಪೂರ್ವಜನ್ಮದ ಲೆಕ್ಕಕ್ಕೆ ಬರೆದರೆ ತಪ್ಪಿತಸ್ಥ ಖುಲಾಸೆಯಾಗಿ, ನೊಂದವನೇ ಕಟಕಟೆಯಲ್ಲಿ ನಿಲ್ಲುತ್ತಾನೆ. ನ್ಯಾಯಕ್ಕಾಗಿ ಹುಟ್ಟಿದ ವಿಚಾರ ಅನ್ಯಾಯದ ಕಾವಲಿಗೆ ನಿಂತಂತಾಯಿತು. ಹಾಗೆ ನೋಡಿದರೆ ನಮ್ಮ ಬಾದಾಮಿಯ ಬನಶಂಕರಿಯ ಕಥೆಯೇ ಎಷ್ಟೋ ವಾಸಿ. ಶಾಕಂಭರಿಯಾಗಿ ಆ ತಾಯಿ ಬರಗಾಲದಲ್ಲಿ ಹಸಿದವರ ಜನ್ಮಜಾತಕ ಕೇಳಲಿಲ್ಲ, ಕಾಯಿಪಲ್ಯ ಕೊಟ್ಟಳು. ಬನದ ಹುಣ್ಣಿವೆಯ ಜಾತ್ರೆಗೆ ಮೊದಲು ಆಕೆಗೆ ತರಹೇವಾರಿ ಪಲ್ಯಗಳ ನೈವೇದ್ಯ ಇಂದಿಗೂ ನಡೆಯುತ್ತದೆ.

1893ರ ನಿರ್ಣಯವನ್ನು ಖಂಡಿಸುವವರಿಗೆ ಒಂದು ಗಟ್ಟಿ ಎದುರುಮಾತು ಇದೆ. ದಾದಾಭಾಯಿ ನವರೋಜಿ ಅದನ್ನು ರೈತರ ಮೇಲಿನ ಗುಪ್ತ ತೆರಿಗೆ ಎಂದು ಕಂಡರು. ಆದರೆ ಡಾ. ಬಿ.ಆರ್. ಅಂಬೇಡ್ಕರ್ 1923ರಲ್ಲಿ ಪ್ರಕಟಿಸಿದ ‘ದಿ ಪ್ರಾಬ್ಲಮ್ ಆಫ್ ದಿ ರುಪೀ’ ಗ್ರಂಥದಲ್ಲಿ ಬೇರೆ ಕಡೆಯಿಂದ ನೋಡಿದರು. ಇಳಿಯುವ ರೂಪಾಯಿಯಿಂದ ದೇಶಕ್ಕೆ ಲಾಭ ಎಂಬ ವ್ಯಾಪಾರಿಗಳ ವಾದವನ್ನು ಅವರು ಬಿಚ್ಚಿ ತೋರಿಸಿದರು: ರೂಪಾಯಿ ಇಳಿದಾಗ ಸರಕಿನ ಬೆಲೆ ಬೇಗ ಏರುತ್ತದೆ, ಕೂಲಿ ತಡವಾಗಿ ಏರುತ್ತದೆ, ಆ ನಡುವಣ ಅಂತರವೇ ರಫ್ತುದಾರನ ಲಾಭ. ಅಂದರೆ ಅದು ಕೂಲಿಯವನ ಜೇಬಿನಿಂದ ಹೋದದ್ದು. ಹೀಗಾಗಿ ಬೆಳ್ಳಿ ರೂಪಾಯಿಯನ್ನು ಇಳಿಯಲು ಬಿಟ್ಟಿದ್ದರೆ ಕೂಲಿಕಾರರು ಸೊರಗುತ್ತಿದ್ದರು, ಮುಚ್ಚಿದ್ದರಿಂದ ಒಡವೆ ಇಟ್ಟವರು ಸೊರಗಿದರು. ಅಂಬೇಡ್ಕರರ ತೂಕ ಹೆಚ್ಚು ಎಂದೇ ನನಗನಿಸುತ್ತದೆ. ಪ್ರಶ್ನೆಯನ್ನು ಅವರು ಸರಿಯಾದ ಜಾಗಕ್ಕೆ ತಂದರು. ರೂಪಾಯಿ ಬಲವಾಗಿರಬೇಕೋ ಬಡವಾಗಿರಬೇಕೋ ಎಂಬುದು ಧರ್ಮದ ಪ್ರಶ್ನೆಯಲ್ಲ. ಯಾವ ಕಡೆ ಹೊರಳಿದರೂ ಯಾರ ತಟ್ಟೆಯಿಂದ ತೆಗೆದು ಯಾರ ತಟ್ಟೆಗೆ ಬಡಿಸಲಾಯಿತು ಎಂಬುದು ಧರ್ಮದ ಪ್ರಶ್ನೆ. ವಸಾಹತು ಸರಕಾರ 1893ರಲ್ಲಿ ಈ ಪ್ರಶ್ನೆಗೆ ತೂಕ ಕೊಡಲಿಲ್ಲ. ಲಂಡನ್ನಿನ ಬಾಕಿ ಹೇಗೆ ಹಗುರವಾದೀತು ಎಂಬುದನ್ನೇ ಮುಂದಿಟ್ಟಿತು. ಅದರ ಅಪರಾಧ ಅಲ್ಲಿದೆ.

ಇಷ್ಟು ಕೇಳಿದ ಮೇಲೆ ಬಹಳಷ್ಟು ಜನ ಬಂಗಾರದ ಕಡೆ ಕೈ ತೋರುತ್ತಾರೆ. ಕಾಗದ ಸುಳ್ಳು, ಬೆಳ್ಳಿ ಮೋಸ, ಬಂಗಾರ ಮಾತ್ರ ನಿಜ. ಅದಕ್ಕೆ ತನ್ನದೇ ಆದ ಬೆಲೆ ಇದೆ ಎಂಬುದು ಅವರ ವಾದ. ಬಂಗಾರವನ್ನು ದೇವರ ಮೈಮೇಲೆ ಇಡುವ ನಾಡಿನಲ್ಲಿ ಈ ನಂಬಿಕೆ ಸಹಜ. ಆದರೆ 1931 ಏನು ಹೇಳುತ್ತದೆ? ಆಗಿನ ಮಹಾ ಹಿಂಜರಿತದಲ್ಲಿ ಹತ್ತಿ, ಜೋಳ, ಶೇಂಗಾ ಎಲ್ಲವೂ ಬಿದ್ದು ಬೆಳೆಯ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ಸೆಪ್ಟೆಂಬರಿನಲ್ಲಿ ಬ್ರಿಟನ್ ಬಂಗಾರದ ಕಟ್ಟು ಬಿಟ್ಟಿತು. ಪೌಂಡಿಗೆ ಕಟ್ಟಿದ್ದ ರೂಪಾಯಿಯೂ ಅದರ ಹಿಂದೆಯೇ ಇಳಿಯಿತು. 1927ರ ಕಾನೂನಿನಂತೆ ತೊಲಕ್ಕೆ 21 ರೂಪಾಯಿ ಚಿಲ್ಲರೆ ಇದ್ದ ಬಂಗಾರ ಕೆಲವೇ ವರ್ಷಗಳಲ್ಲಿ 30 ರೂಪಾಯಿ ದಾಟಿತು. ಬಂಗಾರ ಗೆದ್ದಿತು, ಒಪ್ಪೋಣ. ಆದರೆ ಅದನ್ನು ಇಟ್ಟುಕೊಂಡು ಗೆದ್ದವರು ಯಾರು? ಹಳ್ಳಿಯವರು ಸಾವಕಾರನ ಬಡ್ಡಿಗೆ, ಸರಕಾರದ ಕಂದಾಯಕ್ಕೆ ಅದನ್ನು ಮಾರಬೇಕಾಯಿತು. ಆ ವರ್ಷಗಳಲ್ಲಿ ಭಾರತದಿಂದ ಹಡಗುಗಟ್ಟಲೆ ಬಂಗಾರ ಲಂಡನ್ನಿಗೆ ಹೋಯಿತು. ಬಂಗಾರದ ಬೆಲೆ ಏರಿದ್ದು ನಿಜವಾದರೂ ಋಣ ರೂಪಾಯಿಯಲ್ಲಿ ಇದ್ದುದರಿಂದ ಬಂಗಾರ ಮನೆಯಲ್ಲಿ ನಿಲ್ಲಲಿಲ್ಲ. 1991ರಲ್ಲಿ ಇಡೀ ದೇಶವೇ ಹಾಗೆ ಮಾಡಿತು. ಆಮದಿಗೆ ಎರಡು ಮೂರು ವಾರಕ್ಕೆ ಸಾಲುವಷ್ಟು ಮಾತ್ರ ವಿದೇಶಿ ಹಣ ಉಳಿದಾಗ ರಿಸರ್ವ್ ಬ್ಯಾಂಕು 47 ಟನ್ ಬಂಗಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಒತ್ತೆ ಇಟ್ಟಿತು. ಜುಲೈ 1 ಮತ್ತು 3ರಂದು ಎರಡು ಹಂತದಲ್ಲಿ ರೂಪಾಯಿಯನ್ನೂ ಇಳಿಸಿತು. ಬಂಗಾರ ಇದ್ದೂ ರೂಪಾಯಿ ಇಳಿಯಿತು. ಅಡವಿಟ್ಟ ಸುದ್ದಿ ಕೇಳಿ ದೇಶ ನಾಚಿತು. ಸಾಲ ಬೆಳೆಯಲು ಬಿಟ್ಟ ವರ್ಷಗಳಲ್ಲಿ ಆ ನಾಚಿಕೆ ಬಂದಿದ್ದರೆ ಒಳ್ಳೆಯದಿತ್ತು.

ನಾಣ್ಯದ ಬೆಲೆ ಅರಸನ ಮುದ್ರೆಯಿಂದ ಬರುತ್ತದೆ, ರಾಜ್ಯ ಬಲಿಷ್ಠವಾದರೆ ನಾಣ್ಯವೂ ಬಲಿಷ್ಠ ಎನ್ನುವವರೂ ಇದ್ದಾರೆ. ಇದಕ್ಕೆ ವಿಜಯನಗರದ ಹೊನ್ನಿನ ನಾಣ್ಯವಾದ ನಮ್ಮ ವರಾಹವೇ ಸಾಕ್ಷಿ ನುಡಿಯುತ್ತದೆ. ನಮ್ಮ ಕೃಷ್ಣೆಯ ಆಚೀಚೆಗೇ 1565ರ ಕಾಳಗ ನಡೆದು ವಿಜಯನಗರ ಮುರಿಯಿತು. ಅರಸು ಹೋದರೂ ಅದರ ಹೊನ್ನಿನ ನಾಣ್ಯ ಹೋಗಲಿಲ್ಲ. ನಾಯಕರು ಅದರ ಮಾದರಿಯಲ್ಲೇ ಟಂಕಿಸಿದರು, ಮದ್ರಾಸಿನ ಈಸ್ಟ್ ಇಂಡಿಯಾ ಕಂಪನಿಯೂ ಟಂಕಿಸಿತು. ಹೈದರಾಲಿ ಶಿವ ಪಾರ್ವತಿಯರ ಬಿಂಬವನ್ನೇ ಹೊತ್ತ ಹೊನ್ನು ಹೊಡೆಸಿದ. ಅವನ ಮತ ಬೇರೆ, ವಂಶ ಬೇರೆ. ಸಂತೆಯ ಜನ ಯಾವ ನಾಣ್ಯವನ್ನು ನಂಬುತ್ತಾರೆಂದು ಅವನಿಗೆ ಗೊತ್ತಿತ್ತು. ನಂಬಿಕೆ ಅರಮನೆಯಿಂದ ಸಂತೆಗೆ ಬಂದದ್ದಕ್ಕಿಂತ ಸಂತೆಯಿಂದ ಅರಮನೆಗೆ ಹೋದದ್ದೇ ಹೆಚ್ಚು.

ಈ ನಂಬಿಕೆಯನ್ನು ಧರ್ಮವೆಂದೇ ಬಗೆದ ಪರಂಪರೆ ಹುನಗುಂದದ ನೆಲದಲ್ಲಿದೆ. ಶರಣರ ಕಾಯಕ, ದಾಸೋಹಗಳನ್ನು ಹಣದ ಮಾತಿಗೆ ಎಳೆದು ತರುವುದು ಸಲ್ಲದು, ಹನ್ನೆರಡನೆಯ ಶತಮಾನದ ಹಳ್ಳಿಬಾಳಿಗೂ ವಿದೇಶಿ ವಿನಿಮಯಕ್ಕೂ ಏನು ಸಂಬಂಧ ಎಂದು ಆಕ್ಷೇಪಿಸುವವರು ಆ ಕಾಲವನ್ನು ಸರಿಯಾಗಿ ನೋಡಿಲ್ಲ. ಐಹೊಳೆ ಇರುವುದು ಹುನಗುಂದ ಸೀಮೆಯಲ್ಲಿ. ಅಲ್ಲಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರು ದಕ್ಷಿಣ ಭಾರತದ ಉದ್ದಗಲಕ್ಕೂ, ಕಡಲಾಚೆ ಆಗ್ನೇಯ ಏಷ್ಯಾಕ್ಕೂ ವ್ಯಾಪಾರ ಬೆಳೆಸಿದ ವರ್ತಕರ ಸಂಘ. ಅವರ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕ ತುಂಬಿದೆ. ಯಾವ ಸರಕಿಗೆ ಎಷ್ಟು ವೀಸ ದೇವರಿಗೆ ಎಂದು ತಾವಾಗಿ ಕಟ್ಟುಪಾಡು ಮಾಡಿಕೊಂಡವರು ಅವರು. ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನನ್ನು ಹರಿಹರನ ರಗಳೆ ಬಿಜ್ಜಳನ ಆಡಳಿತಕ್ಕೆ ತರುವುದು ಲೆಕ್ಕ ಬಲ್ಲವನಾಗಿಯೇ. ಮುಂದೆ ಆತ ಭಂಡಾರಿಯಾದ. ದಾಸೋಹಕ್ಕೆ ಅರಸನ ಹಣ ಸುರಿದನೆಂಬ ದೂರು ಬಂದು ಭಂಡಾರ ಎಣಿಸಿದಾಗ ಒಂದು ಹೊನ್ನೂ ಕಡಿಮೆ ಇರಲಿಲ್ಲ ಎಂಬ ಕಥೆಯನ್ನು ಪರಂಪರೆ ಕಾಪಾಡಿಕೊಂಡು ಬಂದಿದೆ. ಪವಾಡದ ಭಾಗವನ್ನು ಬದಿಗಿಟ್ಟು ಅದರ ಒಳಗಿನ ಎಣಿಕೆಯನ್ನಷ್ಟೇ ನೋಡಿ: ಹಣವನ್ನು ಕಾಯುವವನು ಯಾವಾಗ ಬೇಕಾದರೂ ಲೆಕ್ಕ ಕೊಡಲು ಸಿದ್ಧನಿರಬೇಕು. ಕೇಂದ್ರ ಬ್ಯಾಂಕಿನ ಗವರ್ನರನಿಂದ ಇಂದು ನಾವು ಬೇಡುವುದೂ ಇದಕ್ಕಿಂತ ಹೆಚ್ಚಿನದಲ್ಲ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆ ಎಲ್ಲರಿಗೂ ಗೊತ್ತು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಗಂಡ ಒಂದು ದಿನ ಮಾಮೂಲಿಗಿಂತ ಹೆಚ್ಚು ತಂದಾಗ ಹೆಂಡತಿ ಅದನ್ನು ಹಿಂದಕ್ಕೆ ಚೆಲ್ಲಿ ಬರಲು ಕಳಿಸಿದಳು. ಸಾಮಾನ್ಯವಾಗಿ ಇದನ್ನು ಆಸೆ ಬಿಡುವ ಪಾಠವೆಂದು ಹೇಳುತ್ತಾರೆ. ಹಿಂಜರಿತದ ಕಾಲದಲ್ಲಿಟ್ಟು ಓದಿದರೆ ಇದಕ್ಕೆ ಇನ್ನೊಂದು ಅರ್ಥ ಬರುತ್ತದೆ. ಹೆದರಿಕೆ ಹುಟ್ಟಿದಾಗ ಪ್ರತಿಯೊಬ್ಬನೂ ನಾಳೆಗೆಂದು ಹಣ ಮುಚ್ಚಿಡುತ್ತಾನೆ. ಒಬ್ಬನ ಮಟ್ಟಿಗೆ ಅದು ಜಾಣತನ. ಎಲ್ಲರೂ ಹಾಗೆ ಮಾಡಿದರೆ ಕೊಳ್ಳುವವರಿಲ್ಲದೆ ಸರಕು ಬೀಳುತ್ತದೆ, ಹಣದ ಬೆಲೆ ಏರುತ್ತದೆ, ಸಾಲ ಮಾಡಿದವನು ನೆಲಕಚ್ಚುತ್ತಾನೆ. 1930ರ ದಶಕದಲ್ಲಿ ಲೋಕ ಕಂಡದ್ದು ಇದನ್ನೇ. ಲಕ್ಕಮ್ಮ ಬೇಡವೆಂದದ್ದು ಭಯದಿಂದ ಹುಟ್ಟಿದ ಸಂಗ್ರಹವನ್ನು. ಹಾಗೆಂದು ಬಡವನಿಗೆ ಉಳಿತಾಯ ಬೇಡ ಎಂದು ಯಾರೂ ಓದಬಾರದು. ಅವಳ ಮಾತು ಅಗತ್ಯ ಮೀರಿದ್ದಕ್ಕೆ. ಇಂದಿನ ಕಾಲದಲ್ಲಿ ಆ ಮಾತು ಮುಟ್ಟಬೇಕಾದದ್ದು ಕುಸಿತದ ಹೊತ್ತಿನಲ್ಲಿ ಡಾಲರ್ ಹಿಡಿದಿಟ್ಟು ದರ ಏರಲೆಂದು ಕಾಯುವ ರಫ್ತುದಾರನಿಗೆ, ಸಾಲ ಕೊಡದೆ ಕೈಕಟ್ಟಿ ಕೂರುವ ಬ್ಯಾಂಕಿಗೆ.

ಇದೆಲ್ಲ ಇಳಕಲ್ಲಿನಲ್ಲಿ ಒಂದೇ ಊರಿನ ಎರಡು ಕಸುಬುಗಳ ನಡುವೆ ಕಣ್ಣಿಗೆ ಕಾಣುವಂತಿದೆ. ಊರ ಸುತ್ತಿನ ಕೆಂಪು ಗ್ರಾನೈಟು ಹೊರದೇಶಗಳಿಗೆ ಹೋಗುತ್ತದೆ. ಅದರ ಬೆಲೆ ಡಾಲರಿನಲ್ಲಿ. ರೂಪಾಯಿ ಇಳಿದರೆ ಅದೇ ಕಲ್ಲಿಗೆ ಹೆಚ್ಚು ರೂಪಾಯಿ. ಕುಣಿಮಗ್ಗದ ಕಥೆ ಬೇರೆ. ಇಳಕಲ್ ಸೀರೆಯ ಮೈ ಒಂದು ಹಾಸು, ಸೆರಗು ಇನ್ನೊಂದು ಹಾಸು. ಟೋಪ ತೆನಿ ಸೆರಗಿನ ಎಳೆಗಳನ್ನು ಮೈಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಪ್ರತಿ ಸೀರೆಗೂ ಈ ಕೆಲಸ ಹೊಸದು; ಮನೆಯ ಹೆಂಗಸರ ಬೆರಳು ಸವೆಯುವುದು ಇಲ್ಲಿಯೇ. ರೇಷ್ಮೆ ನೂಲಿನ ದರಕ್ಕೆ ಚೀನಾದಿಂದ ಬರುವ ರೇಷ್ಮೆಯ ದರ ತಾಗುತ್ತದೆ, ಬಣ್ಣ ರಸಾಯನಗಳಿಗೆ ತೈಲದ ದರ ತಾಗುತ್ತದೆ. ಎರಡಕ್ಕೂ ಡಾಲರೇ ಅಳತೆ. ರೂಪಾಯಿ ಇಳಿದ ವರ್ಷ ನೂಲು ತುಟ್ಟಿ, ಮನೆಗೆ ಬರುವ ಅಡುಗೆ ಎಣ್ಣೆಯೂ ತುಟ್ಟಿ. ಸೀರೆಯ ಬೆಲೆ ಏರಿಸಿದರೆ ಹಿಂಜರಿತದಲ್ಲಿ ಕೊಳ್ಳುವವರಿಲ್ಲ. ಸಾವಕಾರರಿಂದ ನೂಲು ಪಡೆದು ಮಜೂರಿಗೆ ನೇಯುವವನ ಮಜೂರಿ ಮಾತ್ರ ಹಿಂದಿನ ವರ್ಷದ್ದೇ. ಗ್ರಾನೈಟ್ ಗಣಿಯಲ್ಲೂ ಮಾಲಕನ ಬಿಲ್ಲು ಡಾಲರಿನ ಜೊತೆ ಏರುವಷ್ಟು ಬೇಗ ಕಲ್ಲು ಸೀಳುವವನ ಪಗಾರ ಏರುವುದಿಲ್ಲ. ಅಂಬೇಡ್ಕರರು ನೂರು ವರ್ಷದ ಹಿಂದೆ ಬರೆದದ್ದು ಇದನ್ನೇ. ರೂಪಾಯಿ ಇಳಿದದ್ದು ಊರಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಇಳಕಲ್ಲಿನಲ್ಲಿ ಒಂದೇ ಉತ್ತರ ಸಿಗುವುದಿಲ್ಲ, ಓಣಿ ಓಣಿಗೂ ಉತ್ತರ ಬದಲಾಗುತ್ತದೆ.

ವಿನಿಮಯ ದರವನ್ನು ಇಳಕಲ್ಲಿನ ಸಾವಕಾರರೇನು ದಿಲ್ಲಿಯ ಸರಕಾರವೂ ಪೂರ್ತಿ ಹಿಡಿದಿಡಲಾರದು, ಹಾಗಿರುವಾಗ ಧರ್ಮದ ಮಾತಾಡಿ ಏನು ಪ್ರಯೋಜನ ಎಂಬುದು ಕೊನೆಯ ಆಕ್ಷೇಪ. ದರ ಹಿಡಿದಿಡಲಾಗದು, ಸರಿ. ಮಳೆಯನ್ನೂ ಹಿಡಿದಿಡಲಾಗದು, ಆದರೂ ಬರಗಾಲದಲ್ಲಿ ಕಂದಾಯ ಬಿಡಬೇಕೋ ಬೇಡವೋ ಎಂಬುದು ಮನುಷ್ಯರ ತೀರ್ಮಾನವೇ. 1893ರಲ್ಲಿ ಟಂಕಸಾಲೆ ಮುಚ್ಚುವಾಗ ಬಡವರ ಬೆಳ್ಳಿಗೆ ಒಂದು ಗಡುವು ಕೊಟ್ಟು ಹಳೆಯ ದರದಲ್ಲಿ ಕೊಳ್ಳಬಹುದಿತ್ತು, ಕೊಳ್ಳಲಿಲ್ಲ. ಬರದ ವರ್ಷ ಕಂದಾಯವನ್ನು ಬೆಳ್ಳಿಯ ತೂಕದಲ್ಲಿ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಅದು ದೈವವಲ್ಲ, ಮಾರುಕಟ್ಟೆಯೂ ಅಲ್ಲ. ಸಹಿ ಹಾಕಿದ ಕೈಗಳ ಕೆಲಸ. ಇಳಕಲ್ಲಿನ ಮಟ್ಟಿಗೂ ಕೇಳಬೇಕಾದದ್ದು ದೊಡ್ಡದೇನಲ್ಲ. ನೇಕಾರರ ಮಜೂರಿಯನ್ನು, ಗಣಿ ಕೂಲಿಯನ್ನು ಮೂರು ವರ್ಷಕ್ಕೊಮ್ಮೆ ಚೌಕಾಶಿ ಮಾಡಿ ನಿಲ್ಲಿಸುವ ಬದಲು ನೂಲಿನ ದರಕ್ಕೂ ಜೋಳ, ಎಣ್ಣೆಗಳ ಪೇಟೆ ದರಕ್ಕೂ ಕಟ್ಟಿ, ಆರು ತಿಂಗಳಿಗೊಮ್ಮೆ ತಿದ್ದುವ ಕರಾರು ಮಾಡಿಕೊಳ್ಳಿ. ಮುಂದಿನ ಪಾಡ್ಯಕ್ಕೆ ಹೊಸ ಖಾತೆ ತೆರೆಯುವ ಸಾವಕಾರರು ಮೊದಲ ಪುಟದಲ್ಲಿ ಈ ಕರಾರನ್ನು ಬರೆದುಕೊಂಡರೆ ಸಾಕು.